ಹೊಟ್ಟೆಯ ತಪಾಸಣೆಗೆ ಬರುವವರ ಕೈಗೆ ನಮ್ಮ ಊಟ, ನಮ್ಮ ಬಸ್ಸು ಗೊತ್ತಿರುವ ಒಂದು ಚೀಟಿ ಕೊಡಿ

ಗೆ,
ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳು,
ಹಾಗೂ ಮೂರೂ ಜಿಲ್ಲೆಗಳ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು

ಮಾನ್ಯರೇ,

ನಾನು ಗದಗಿನ ಬೆಟಗೇರಿಯಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಸೊಸೈಟಿಯ ಪಾವತಿ ಪುಸ್ತಕ, ಇವೇ ನನ್ನ ಕೆಲಸ. ಕಳೆದ ವರ್ಷ ಹೊಟ್ಟೆಯ ಕಾಯಿಲೆಗೆ ಸಿಕ್ಕು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿನಿಂದ ಹಿಡಿದು, ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿವರೆಗೆ ಇರುವ ತಪಾಸಣೆಗಳನ್ನೆಲ್ಲ ಮಾಡಿಸಿಕೊಂಡೆ. ಈಗ ಆರಾಮಾಗಿದ್ದೇನೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿನ ವೈದ್ಯರ ಕೈಗುಣದ ಬಗ್ಗೆ ನನಗೆ ತಕರಾರಿಲ್ಲ, ಮೇಲಾಗಿ ಪಕ್ಕದ ಬೆಂಚಿನಲ್ಲಿ ಕೂತಿದ್ದವರು ಹೇಳಿದ ಪ್ರಕಾರ ಬೇರೆ ಕಡೆಯೂ ಕಥೆ ಹೆಚ್ಚುಕಡಿಮೆ ಇದೇ. ನಾನು ಕೇಳುವುದು ಒಂದೇ ಒಂದು. ಹೊಟ್ಟೆಯ, ಕರುಳಿನ ತಪಾಸಣೆಗೆ ದಿನಾಂಕ ಕೊಡುವಾಗ ರೋಗಿಯ ಕೈಗೆ ಒಂದು ಕನ್ನಡದ ಚೀಟಿ ಕೊಡಬೇಕು. ರೊಟ್ಟಿ ತಿಂದು, ಬಸ್ಸು ಹತ್ತಿ ಬರುವ ಮನುಷ್ಯನನ್ನು ಕಣ್ಣ ಮುಂದೆ ಇಟ್ಟುಕೊಂಡು ಅದನ್ನು ಬರೆದಿರಬೇಕು.

ಇದನ್ನು ಆಸ್ಪತ್ರೆಗಳಿಗೇ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಖಾಸಗಿ ಆಸ್ಪತ್ರೆಗಳ ನೋಂದಣಿ ಮಾಡುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳನ್ನು ಹೇಳುವ ಸನ್ನದನ್ನೂ ಆ ಕಾಯ್ದೆಗೆ ಸೇರಿಸಲಾಯಿತು. ಸರಕಾರಿ ಕಡೆ ನೋಡಿದರೆ ಹುಬ್ಬಳ್ಳಿಯಲ್ಲಿ 1957ರಿಂದ ವೈದ್ಯಕೀಯ ಕಾಲೇಜಿದೆ, 2015ರಲ್ಲಿ ನಮ್ಮ ಗದಗಿಗೂ ಬಂತು, ಆಮೇಲೆ ಹಾವೇರಿಗೂ ಬಂತು. ನೀವು ಹೇಳಿದರೆ ಎರಡೂ ಕಡೆ ನಡೆಯುತ್ತದೆ.

ನನ್ನ ಕಾಯಿಲೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಬಲಗಡೆ ಕಿಬ್ಬೊಟ್ಟೆಯಲ್ಲಿ ನೋವು, ಊಟವಾದ ಮೇಲೆ ಗುಡುಗುಡು, ಕೆಲವು ದಿನ ಭೇದಿ, ಕೆಲವು ದಿನ ಏನೂ ಇಲ್ಲ, ಸಂಜೆಗೆ ಸಣ್ಣ ಜ್ವರ, ಬೆಲ್ಟಿಗೆ ಹೊಸ ತೂತು. "ಗ್ಯಾಸ್ ಆಗೇತಿ" ಎಂದು ಅರ್ಧ ಊರು ಹೇಳಿತು. "ಬಟ್ಟಿ ಸರದೈತಿ, ತಿಕ್ಕಿಸ್ಕೊ" ಎಂದು, ಅಂದರೆ ಹೊಕ್ಕುಳ ಜಾರಿದೆ ಎಂದು, ಉಳಿದರ್ಧ ಹೇಳಿತು. ಕೊನೆಗೆ ವೈದ್ಯರು ಹೇಳಿದ್ದು ಹೀಗೆ: ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವ ಜಾಗದಲ್ಲಿ ಹುಣ್ಣಿರಬಹುದು. ಅದು ಕ್ಷಯವಾಗಿರಬಹುದು, ಕರುಳಿನಲ್ಲಿ ಬಹುಕಾಲ ಉರಿಯೂತ ಉಳಿಯುವ ಕ್ರೋನ್ಸ್ ಎಂಬ ಕಾಯಿಲೆ ಇರಬಹುದು, ಗಡ್ಡೆಯೂ ಇರಬಹುದು. ಮೊದಲ ಎರಡಂತೂ ಕಣ್ಣಿಗೆ ಒಂದೇ ತರಹ ಕಾಣುತ್ತವಂತೆ, ಔಷಧ ಮಾತ್ರ ಪೂರ್ತಿ ಬೇರೆ. ಕ್ರೋನ್ಸಿಗೆ ಕೊಡುವ ಸ್ಟೀರಾಯ್ಡನ್ನು ಕ್ಷಯ ಇದ್ದವರಿಗೆ ಕೊಟ್ಟರೆ ಕ್ಷಯ ಇನ್ನಷ್ಟು ಹಬ್ಬುತ್ತದೆ. ಅದಕ್ಕೇ ಇಷ್ಟು ತಪಾಸಣೆ. ಇದನ್ನು ಅವರು ಒಂದು ಚೀಟಿಯ ಹಿಂದೆ ಕರುಳಿನ ಚಿತ್ರ ಬಿಡಿಸಿ, ನನ್ನ ಮಾತಿನಲ್ಲೇ ತಿಳಿಸಿದರು. ಆ ಐದು ನಿಮಿಷಕ್ಕೆ ನಾನು ಋಣಿ. ತೊಂದರೆ ಶುರುವಾದದ್ದು ಅವರ ಕೋಣೆಯಿಂದ ಹೊರಗೆ ಬಂದ ಮೇಲೆ.

ಮೊದಲನೆಯದು ಹೊಟ್ಟೆಯ ಸ್ಕ್ಯಾನಿಂಗು. "ಖಾಲಿ ಹೊಟ್ಟೀಲೆ ಬರ್ರಿ" ಎಂದು ಕೌಂಟರಿನಲ್ಲಿ ಹೇಳುತ್ತಾರೆ, ಅಷ್ಟೇ. ನಮ್ಮ ಕಡೆ ಚಹಾ ಊಟದ ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದು ಕೌಂಟರಿನವರಿಗೂ ಗೊತ್ತು. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಹಾಕಿದ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಖಾಲಿ ಹೊಟ್ಟೆಯಲ್ಲೇ ಬಂದೆ ಎನ್ನುವವರು ಸಾಲಿನಲ್ಲಿ ಬಹಳ ಮಂದಿ ಇದ್ದರು. ಹಾಲಿನ ಕೊಬ್ಬು ಹೊಟ್ಟೆಗೆ ಹೋದರೆ ಪಿತ್ತಕೋಶ ಹಿಂಡಿಕೊಂಡು ಸಣ್ಣದಾಗುತ್ತದೆ, ಒಳಗೆ ಹರಳಿದ್ದರೂ ಸರಿಯಾಗಿ ಕಾಣುವುದಿಲ್ಲ. ಕಾರಣ ಇಷ್ಟೇ. ಇದನ್ನು ಒಮ್ಮೆ ಹೇಳಿದರೆ ಯಾವ ರೈತನೂ ಚಹಾ ಮುಟ್ಟುವುದಿಲ್ಲ. ಒಬ್ಬ ತಾಯಿ "ಸೋಮವಾರ ಹೆಂಗೂ ಉಪವಾಸ ಇರ್ತೀನಿ" ಎಂದು ಬೇಕೆಂತಲೇ ಸೋಮವಾರದ ದಿನಾಂಕ ತೆಗೆದುಕೊಂಡು, ಉಪವಾಸದ ಪದ್ಧತಿಯಂತೆ ಶೇಂಗಾ ಹಾಕಿದ ಸಾಬೂದಾಣಿ ಉಸುಳಿ ತಿಂದು ಬಂದಿದ್ದರು. ಅವರನ್ನು ತಿರುಗಿ ಕಳಿಸಿದರು. ಅವರ ಊರು ರೋಣದ ಆಚೆ.

ಅದೇ ಸ್ಕ್ಯಾನಿಂಗ್ ಕೋಣೆಯ ಬಾಗಿಲ ಮೇಲೆ, ದೂರದಿಂದಲೂ ಓದಬಹುದಾದ ದಪ್ಪ ಕನ್ನಡ ಅಕ್ಷರದಲ್ಲಿ, ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ ಎಂಬ ಫಲಕ ಇತ್ತು. 1994ರ ಕಾಯ್ದೆ, ಅದರಡಿ ಆದ ನಿಯಮಗಳು ಈ ಫಲಕ ಸ್ಥಳೀಯ ಭಾಷೆಯಲ್ಲೂ ಇರಲೇಬೇಕು ಎನ್ನುತ್ತವೆ, ಆದ್ದರಿಂದ ಇದೆ. ನಮ್ಮ ರೈತ ಹತ್ತಿಗೆ ಹೊಡೆಯುವ ಕೀಟನಾಶಕದ ಡಬ್ಬಿಯಲ್ಲೂ ಮಡಚಿಟ್ಟ ಕಾಗದ ಬರುತ್ತದೆ, ಅದರಲ್ಲೂ ಪ್ರಾದೇಶಿಕ ಭಾಷೆ ಇರಬೇಕೆಂಬುದು ನಿಯಮ. ಹುಳಕ್ಕೆ ಹೊಡೆಯುವ ಔಷಧಕ್ಕಿರುವ ಕನ್ನಡ, ನನ್ನ ಕರುಳು ತೊಳೆಯುವ ಔಷಧದ ಜೊತೆ ಬರಲಿಲ್ಲ. ಅಂಗಡಿಯ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಬೇಕೆಂದು ಸರಕಾರ ಹಟ ಹಿಡಿದದ್ದು ಒಳ್ಳೆಯದೇ ಆಯಿತು, ಆ ವರ್ಷ ನಮ್ಮಂಥವರಿಗೂ ಒಂದಿಷ್ಟು ಕೆಲಸ ಸಿಕ್ಕಿತು. ಆದರೆ ಬೋರ್ಡು ಓದಿ ಒಳಗೆ ಹೋದವನಿಗೆ ಆಮೇಲೆ ಓದಲು ಏನೂ ಇಲ್ಲ.

ಈಗ ಕೊಲೊನೋಸ್ಕೋಪಿಯ ಚೀಟಿಗೆ ಬರುತ್ತೇನೆ. ಅಚ್ಚಿನ ಕಸುಬಿನವನಾಗಿ ಮೊದಲು ಅದರ ರೂಪದ ಬಗ್ಗೆ. ಝೆರಾಕ್ಸಿನ ಝೆರಾಕ್ಸು. ಎಡಗಡೆ ಸಾಲುಗಳ ಮೊದಲ ಅಕ್ಷರಗಳು ಕತ್ತರಿಸಿ ಹೋಗಿವೆ. ಅಕ್ಷರ ಎಂಟು ಪಾಯಿಂಟಿಗಿಂತ ದೊಡ್ಡದಿರಲಿಕ್ಕಿಲ್ಲ, ಅರವತ್ತು ದಾಟಿದವರಿಗೆ ಚಷ್ಮಾ ಹಾಕಿದರೂ ಆಗದು. ಪೂರ್ತಿ ಇಂಗ್ಲಿಷು. ನನಗೆ ಇಂಗ್ಲಿಷು ಓದಲು ಬರುತ್ತದೆ, ಜಾಬ್ ಕೆಲಸಕ್ಕೆ ಬೇಕಾದಷ್ಟು. ಹೀಗಿದ್ದೂ ಅದರಲ್ಲಿದ್ದ ಪಥ್ಯ ನನಗೆ ಉಪಯೋಗವಾಗಲಿಲ್ಲ, ಏಕೆಂದರೆ ಅದು ಬೇರೆ ಯಾರದೋ ಅಡಿಗೆಮನೆಯದು. ಬಿಳಿ ಬ್ರೆಡ್ಡು ತಿನ್ನಿ, ಜೆಲ್ಲಿ ತಿನ್ನಿ, ಸೋಸಿದ ಕೋಳಿ ಸೂಪು ಕುಡಿಯಿರಿ ಎಂದಿತ್ತು. ಓಟ್ಸು, ಬೆರ್ರಿ ಹಣ್ಣು, ಬ್ರಾಕೊಲಿ ಬೇಡ ಎಂದಿತ್ತು. ಬೆಟಗೇರಿಯ ಲಿಂಗಾಯತರ ಮನೆಯಲ್ಲಿ ಹುಟ್ಟಿದ ನಾನು ಕೋಳಿ ಸೂಪು ಕುಡಿಯುವವನಲ್ಲ, ಬ್ರಾಕೊಲಿಯನ್ನು ಬಿಡಬೇಕಾದ ಪ್ರಸಂಗ ಬಂದವನೂ ಅಲ್ಲ.

ನಮ್ಮ ಊಟವನ್ನು ಒಮ್ಮೆ ನೋಡಿ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಮೆಂತ್ಯೆ ಪಲ್ಯ, ಹಸಿ ಹಕ್ಕರಕಿ, ಮಡಕಿ ಕಾಳು, ಬದನೆಕಾಯಿ ಎಣ್ಣೆಗಾಯಿ. ಪಕ್ಕದಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಎಲ್ಲದರ ಮೇಲೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಖಾರ, ಬೀಜದ ಸಮೇತ. ದಿನವೂ ಕರುಳಿಗೆ ಇಂಥ ಊಟ ಒಳ್ಳೆಯದೆಂದು ವೈದ್ಯರೇ ಹೇಳುತ್ತಾರೆ. ಕೊಲೊನೋಸ್ಕೋಪಿಯ ಮೊದಲ ಎರಡು ಮೂರು ದಿನ ಮಾತ್ರ ಇದಕ್ಕಿಂತ ಕೆಟ್ಟ ಊಟ ಇನ್ನೊಂದಿಲ್ಲ. ನಾರು, ಸೊಪ್ಪಿನ ಎಳೆ, ಸಿಪ್ಪೆ ಕರಗದೆ ಉಳಿಯುತ್ತವೆ. ಎಳ್ಳು, ಗುರೆಳ್ಳು, ಅಗಸಿಯ ಕಾಳುಗಳು ಕರುಳಿನ ಗೋಡೆಗೆ ಅಂಟಿಕೊಳ್ಳುತ್ತವೆ, ಕೊಳವೆಯ ಹೀರುವ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ತೊಳೆಯದ ಕರುಳಿನಲ್ಲಿ ಕ್ಯಾಮೆರಾ ಓಡಿಸುವುದೆಂದರೆ ರಾಡಿ ನೀರಿನ ಬಾವಿಯಲ್ಲಿ ಬಿದ್ದ ಕೊಡ ಹುಡುಕಿದ ಹಾಗೆ. ಸಣ್ಣ ಗುಳ್ಳೆಯೊಂದು ಕಾಣದೆ ತಪ್ಪಿದರೆ ಕೆಲವು ವರ್ಷಗಳ ಮೇಲೆ ಅದೇ ಗಡ್ಡೆಯಾಗಿ ಬರಬಹುದು.

ಹಾಗಾದರೆ ಏನು ತಿನ್ನಬೇಕು? ಬಿಳಿ ಅನ್ನ, ಮೊಸರು, ಇಡ್ಲಿ, ರವೆಯ ಗಂಜಿ, ಒಗ್ಗರಣೆಯ ಸಾಸಿವೆ ಬೀಳದ ತೊಗರಿ ಬೇಳೆಯ ತಿಳಿಸಾರು. ನಮ್ಮ ಯಾವ ಮನೆಯಲ್ಲೂ ಇವು ಸಿಗುತ್ತವೆ, ದುಡ್ಡೂ ಹೆಚ್ಚಿಗೆ ಬೀಳುವುದಿಲ್ಲ. ಹಿಂದಿನ ದಿನ ಮಧ್ಯಾಹ್ನದಿಂದಾಚೆ ತಿಳಿಯಾದ ನೀರಿನಂಥವು ಮಾತ್ರ: ಎಳನೀರು, ಸೋಸಿದ ಲಿಂಬು ಪಾನಕ, ಹಾಲಿಲ್ಲದ ಚಹಾ. ಕೆಂಪು ಬಣ್ಣದ್ದು ಬೇಡ, ಒಳಗೆ ನೋಡುವವರಿಗೆ ರಕ್ತದಂತೆ ಕಂಡೀತು. ಮಜ್ಜಿಗೆಗೆ ಆ ಹೊತ್ತಿನಲ್ಲಿ ಜಾಗವಿಲ್ಲ ಎಂದು ಬರೆದೇ ಹೇಳಬೇಕು, ಇಲ್ಲವಾದರೆ ನಮ್ಮವರು ಮಜ್ಜಿಗೆಯನ್ನೇ ಮೊದಲು ಕುಡಿಯುತ್ತಾರೆ. ನನಗೆ ಇದೆಲ್ಲ ತಿಳಿದದ್ದು ಇಂಥ ಕೊಳವೆ ತಪಾಸಣೆ ನಡೆಯುವ ಎಂಡೋಸ್ಕೋಪಿ ವಿಭಾಗದ ಒಬ್ಬ ನರ್ಸ್ ಬಾಯಿಯಿಂದ, ಅದೂ ನಾನು ಹಿಂದೆ ಬಿದ್ದು ಕೇಳಿದ್ದರಿಂದ. ಕೇಳಲು ಸಂಕೋಚಪಟ್ಟ ಇನ್ನೊಬ್ಬರು ಪುಂಡಿ ಪಲ್ಯ ಉಂಡು ಬಂದು, ಅರ್ಧ ದಾರಿಯಲ್ಲೇ ತಪಾಸಣೆ ನಿಂತು, ಎರಡು ಲೀಟರಿನ ಔಷಧವನ್ನು ಮತ್ತೊಮ್ಮೆ ಕುಡಿಯಬೇಕಾಯಿತು.

ಆ ಔಷಧದ ಬಗ್ಗೆ ಕೇಳಿ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ, ಅದರಲ್ಲಿ ಬೇರೆ ಬೇರೆ ಲವಣ. ಎರಡು ಲೀಟರ್ ನೀರಿಗೆ ಕಲಸಿ ಹತ್ತು ಹದಿನೈದು ನಿಮಿಷಕ್ಕೊಂದು ಗ್ಲಾಸಿನಂತೆ ಕುಡಿಯಬೇಕು. ಉಪ್ಪು, ಸಿಹಿ, ಲಿಂಬೆಹಣ್ಣಿನ ಸೆಂಟು ಎಲ್ಲ ಕೂಡಿದ ರುಚಿ, ಮೊದಲ ಗ್ಲಾಸು ಸರಿ, ನಾಲ್ಕನೆಯದಕ್ಕೆ ವಾಕರಿಕೆ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಕುಡಿದರೆ ಸಲೀಸಾಗಿ ಇಳಿಯುತ್ತದೆ, ಇದೂ ಆ ನರ್ಸೇ ಹೇಳಿದ್ದು. ಅರ್ಧವನ್ನು ಹಿಂದಿನ ಸಂಜೆ, ಇನ್ನರ್ಧವನ್ನು ತಪಾಸಣೆಗೆ ನಾಲ್ಕರಿಂದ ಆರು ತಾಸು ಮೊದಲು ಕುಡಿದರೆ ಕರುಳು ಚೆನ್ನಾಗಿ ತೊಳೆದು ಬರುತ್ತದೆ ಎಂಬುದು ಈಗ ಎಲ್ಲ ಕಡೆ ಒಪ್ಪಿದ ಪದ್ಧತಿ.

ಈ ಪದ್ಧತಿಯನ್ನು ಬಸ್ಸಿನ ವೇಳಾಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಬೆಳಿಗ್ಗೆ ಒಂಬತ್ತಕ್ಕೆ ತಪಾಸಣೆ ಎಂದರೆ ಎರಡನೆಯ ಅರ್ಧವನ್ನು ನಸುಕಿನ ಮೂರರಿಂದ ಐದರೊಳಗೆ ಮುಗಿಸಬೇಕು. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರು, ಒಂಬತ್ತಕ್ಕೆ ಅಲ್ಲಿರಬೇಕಾದರೆ ಏಳರೊಳಗೆ ಬಸ್ಸಿನಲ್ಲಿ ಕೂತಿರಬೇಕು, ಅಂದರೆ ಔಷಧ ಜೋರಾಗಿ ಕೆಲಸ ಮಾಡುವ ಹೊತ್ತಿನಲ್ಲೇ. ಅಣ್ಣಿಗೇರಿ ಬಿಟ್ಟರೆ ಹುಬ್ಬಳ್ಳಿಯವರೆಗೆ ದಾರಿಯ ಎರಡೂ ಬದಿಗೆ ಎರೆ ಹೊಲ, ಮರೆಗೊಂದು ಗಿಡವಿಲ್ಲ. ಕಂಡಕ್ಟರಿಗೆ ಏನೆಂದು ಹೇಳುವುದು? ನಾನು ಗಂಡಸು, ಹೇಗೋ ಆಯಿತು. ಗಜೇಂದ್ರಗಡದಿಂದ, ಹಿರೇಕೆರೂರಿನಿಂದ ಬರುವವರ ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ಅವರಲ್ಲಿ ಹೆಣ್ಣುಮಕ್ಕಳಿರುತ್ತಾರೆ, ಮಂಡಿನೋವಿನ ಮುದುಕರಿರುತ್ತಾರೆ. ಅವರು ಏನು ಮಾಡುತ್ತಾರೆಂದರೆ ಎರಡನೆಯ ಅರ್ಧವನ್ನು ಕುಡಿಯುವುದೇ ಇಲ್ಲ, ಕುಡಿದೆವು ಎನ್ನುತ್ತಾರೆ. ನಾನು ಅವರನ್ನು ಬೈಯಲಾರೆ.

ಇದಕ್ಕೆ ಪರಿಹಾರ ಪುಕ್ಕಟೆ ಸಿಗುತ್ತದೆ. ಬೆಳಗಿನ ಸರದಿ ಹುಬ್ಬಳ್ಳಿ-ಧಾರವಾಡದವರಿಗಿರಲಿ, ಅವರಿಗೆ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿದೆ, ಆಟೋ ಇದೆ. ಹೊರ ತಾಲೂಕಿನವರಿಗೆ ಮಧ್ಯಾಹ್ನ ಎರಡರ ನಂತರದ ಸರದಿ ಕೊಡಿ. ಅವರು ಬೆಳಿಗ್ಗೆ ಬಂದು, ಎರಡನೆಯ ಅರ್ಧವನ್ನು ಆಸ್ಪತ್ರೆಯಲ್ಲೇ ಕುಡಿಯಲಿ. ಅದಕ್ಕೆ ಒಂದು ಕೋಣೆ, ಕೋಣೆಗೆ ಹತ್ತಿದ ಎರಡು ಮೂರು ಸಂಡಾಸು, ಒಂದಾದರೂ ಕುರ್ಚಿಯಂತೆ ಕೂಡುವಂಥದು, ಹಿಡಿದುಕೊಳ್ಳಲು ಗೋಡೆಗೊಂದು ಸರಳು, ದಿನವಿಡೀ ನೀರು. ನಾನಿದ್ದ ಕಡೆ ಎಂಡೋಸ್ಕೋಪಿ ವಿಭಾಗದ ಹೊರಗೆ ಹೆಣ್ಣು ಗಂಡು ಎಲ್ಲರಿಗೂ ಸೇರಿ ಒಂದೇ ಸಂಡಾಸಿತ್ತು, ಅದರ ಚಿಲಕ ಹಾಳಾಗಿತ್ತು. ಒಳಗಿದ್ದವರು ಕೆಮ್ಮುತ್ತ ಕೂತಿರಬೇಕು, ಇಲ್ಲವಾದರೆ ಹೊರಗಿನವರು ಬಾಗಿಲು ದೂಡುತ್ತಾರೆ. ಲಕ್ಷಾಂತರ ರೂಪಾಯಿಯ ಕ್ಯಾಮೆರಾ ತರಿಸುವ ಆಸ್ಪತ್ರೆಗೆ ಒಂದು ಚಿಲಕ ಹಾಕಿಸಲು ಏನು ತೊಂದರೆಯೋ ನನಗೆ ತಿಳಿಯಲಿಲ್ಲ.

ಮನೆಯಲ್ಲಿ ಸಂಡಾಸೇ ಇಲ್ಲದವರ ಮಾತು ಬೇರೆ. ಸರಕಾರಿ ಲೆಕ್ಕದಲ್ಲಿ ನಮ್ಮ ಜಿಲ್ಲೆಗಳು ಬಯಲು ಶೌಚದಿಂದ ಮುಕ್ತವಾಗಿವೆ, ಆ ಲೆಕ್ಕದ ಕೆಲವು ಸಂಡಾಸುಗಳಲ್ಲಿ ಈಗ ಕುಳ್ಳು ಕಟ್ಟಿಗೆ ಇವೆ. ರಾತ್ರಿ ಮೂರಕ್ಕೆ ಭೇದಿಯ ಔಷಧ ಕುಡಿದು ಟಾರ್ಚು ಹಿಡಿದು ಹೊಲಕ್ಕೆ ಹೋಗುವ ಹೆಂಗಸಿಗೆ ಹಾವು ಚೇಳಿನ ಭಯ ಒಂದಾದರೆ, ತಲೆ ತಿರುಗಿ ಬೀಳುವ ಭಯ ಇನ್ನೊಂದು. ದಿನಾಂಕ ಬರೆದುಕೊಡುವವರು "ಮನ್ಯಾಗ ಸಂಡಾಸ ಐತೇನ್ರಿ?" ಎಂದು ಒಂದು ಮಾತು ಕೇಳಿ, ಇಲ್ಲ ಎಂದವರನ್ನು ಹಿಂದಿನ ರಾತ್ರಿಯೇ ದಾಖಲು ಮಾಡಿಕೊಳ್ಳಬೇಕು.

ಗುಳಿಗೆಗಳ ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. ಕಬ್ಬಿಣಾಂಶದ ಗುಳಿಗೆ ಮಲವನ್ನು ಕಪ್ಪು ಅಂಟಾಗಿ ಮಾಡುತ್ತದೆ, ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ಅದನ್ನು ನುಂಗುವವರು ಬಹಳ. ರಕ್ತ ತೆಳ್ಳಗಾಗುವ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ, ಇನ್ಸುಲಿನ್ ಇದ್ದವರು ತಾವಾಗಿ ಏನನ್ನೂ ಬಿಡಬಾರದು, ವೈದ್ಯರನ್ನು ಕೇಳಲೇಬೇಕು. ಊಟ ಬಿಟ್ಟು ಇನ್ಸುಲಿನ್ ಪೂರ್ತಿ ತೆಗೆದುಕೊಂಡರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತದೆ. ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ಕರುಳು ತೊಳೆಯುವ ಔಷಧವನ್ನೇ ನೋಡಿ ಆರಿಸಬೇಕಾಗುತ್ತದೆ. ನಾಲ್ಕು ಸಾಲಿನಲ್ಲಿ ಮುಗಿಯುವ ಈ ಮಾತು ಚೀಟಿಯಲ್ಲಿ ಮೊಟ್ಟಮೊದಲು ಬರಬೇಕು.

ಸಿ.ಟಿ. ಸ್ಕ್ಯಾನಿನ ಅನುಭವ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ನೋಡಿ ಕಿಡ್ನಿ ಸರಿಯಿದೆ ಎಂದ ಮೇಲೆ ಬಾಯಿಗೆ ಒಂದು ದ್ರವ ಕುಡಿಸಿದರು, ಕೈಗೆ ಸೂಜಿ ಚುಚ್ಚಿ ಮಲಗಿಸಿದರು. ಅಯೋಡಿನ್ ಇರುವ ಔಷಧ ರಕ್ತನಾಳಕ್ಕೆ ಹೋದ ಕೂಡಲೇ ಮೈಯೆಲ್ಲ ಕಾವೇರುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ, ಕೆಳಗೆ ಬಟ್ಟೆ ಒದ್ದೆಯಾಯಿತು ಎಂದೇ ಅನಿಸುತ್ತದೆ. ಬಹಳ ಮಂದಿಗೆ ಹಾಗೇ ಆಗುತ್ತದೆ, ಅರೆ ನಿಮಿಷದಲ್ಲಿ ಹೋಗುತ್ತದೆ. ಯಾರೂ ಮೊದಲೇ ಹೇಳಿರದ ಕಾರಣ ನಾನು ಆ ಅರೆ ನಿಮಿಷದಲ್ಲಿ ಮಾನ ಹೋಯಿತೆಂದು ಒದ್ದಾಡಿದೆ. ಸಿಬ್ಬಂದಿ ಗಾಜಿನ ಆಚೆ ಕೋಣೆಯಲ್ಲಿದ್ದರು. ಅದೇ ಹೊತ್ತಿಗೆ ಯಂತ್ರದೊಳಗಿನ ಧ್ವನಿ ಹಿಂದಿಯಲ್ಲಿ "ಸಾಂಸ್ ರೋಕಿಯೇ" ಎಂದಿತು. ನನಗೆ ತಿಳಿಯಿತು, ಉಸಿರು ಹಿಡಿದೆ. ನನ್ನ ನಂತರ ಹೋದ ಮುಂಡರಗಿ ಕಡೆಯ ಅಜ್ಜಿ ಹೊರಗೆ ಬಂದು ಮೊಮ್ಮಗನನ್ನು ಕೇಳಿದಳು, "ಅದರಾಗ ಯಾವಾಕಿ ಏನೋ ಒದರಾಕತ್ತಿದ್ಲಲ್ಲೋ, ಏನಂದ್ಲು?" ಉಸಿರು ಹಿಡಿಯದಿದ್ದರೆ ಚಿತ್ರ ಅಲುಗಾಡುತ್ತದೆ, ಮತ್ತೆ ತೆಗೆದರೆ ವಿಕಿರಣ ಇನ್ನೊಮ್ಮೆ. ಈ ಯಂತ್ರಗಳಲ್ಲಿ ಬೇಕಾದ ಭಾಷೆಯ ಧ್ವನಿಯನ್ನು ಸಿಬ್ಬಂದಿಯೇ ರೆಕಾರ್ಡ್ ಮಾಡಿ ಇಡಬಹುದು. "ಉಸುರು ಹಿಡೀರಿ. ಉಸುರು ಬಿಡ್ರಿ." ಇಷ್ಟೇ. ಆಕಾಶವಾಣಿ ಧಾರವಾಡ ಇರುವ ಜಿಲ್ಲೆಯಲ್ಲಿ ಎರಡು ವಾಕ್ಯಕ್ಕೆ ಒಳ್ಳೆಯ ಕನ್ನಡದ ದನಿ ಸಿಗುವುದಿಲ್ಲವೇ?

ಇನ್ನು ಕೊಲೊನೋಸ್ಕೋಪಿಯ ದಿನ. ಹಿಂಭಾಗ ಸೀಳಿದ ಕಾಗದದಂಥ ಚಡ್ಡಿ ಕೊಟ್ಟು ಹಾಕಿಕೊಳ್ಳಿ ಎನ್ನುತ್ತಾರೆ. ಸೀಳು ಯಾವ ಕಡೆ ಬರಬೇಕೆಂದು ಹೇಳುವುದಿಲ್ಲ, ನಾವು ಮರ್ಯಾದಸ್ಥರು ಮುಂದಕ್ಕೂ ಹಿಂದಕ್ಕೂ ತಿರುಗಿಸಿ ನೋಡುತ್ತ ನಿಲ್ಲುತ್ತೇವೆ. ಎಡ ಮಗ್ಗುಲಾಗಿ, ಮೊಣಕಾಲು ಎದೆಗೆ ತಂದು ಮಲಗಬೇಕು. ಕೈಯ ಸೂಜಿಗೆ ಮಂಪರಿನ ಔಷಧ ಬಿಡುತ್ತಾರೆ. ಬೆರಳು ದಪ್ಪದ ಕೊಳವೆ ಗುದದ್ವಾರದಿಂದ ಹೊರಟು ಸುಮಾರು ಒಂದೂವರೆ ಮೀಟರಿನ ದೊಡ್ಡ ಕರುಳನ್ನು ದಾಟಿ, ನನ್ನಂಥವರಲ್ಲಿ ಸಣ್ಣ ಕರುಳಿನ ತುದಿಗೂ ಹೋಗುತ್ತದೆ. ದಾರಿ ಕಾಣಲೆಂದು ಗಾಳಿ ತುಂಬುತ್ತಾರೆ, ಹೊಟ್ಟೆ ಬಿಗಿಯುವುದು, ಹಿಂಡುವುದು ಆ ಗಾಳಿಯಿಂದ, ತಿರುವುಗಳ ಎಳೆತದಿಂದ. ಪರೀಕ್ಷೆಗೆ ಚೂರು ಮಾಂಸ ಚಿವುಟುವಾಗ ಮಾತ್ರ ನೋವು ತಿಳಿಯುವುದಿಲ್ಲ, ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ಗೊತ್ತಾಗುವುದಿಲ್ಲವಂತೆ. ನಾನು ಹೆದರಿದ್ದು ಅದಕ್ಕೇ, ಆ ಹೆದರಿಕೆ ವ್ಯರ್ಥ ಎಂದು ಮೊದಲೇ ಯಾರಾದರೂ ಹೇಳಬಹುದಿತ್ತು.

ಆಮೇಲಿನ ಕೋಣೆಯಲ್ಲಿ ಆರೇಳು ಮಂದಿ ಸಾಲಾಗಿ ಮಲಗಿರುತ್ತೇವೆ, ಎಲ್ಲರ ಹೊಟ್ಟೆಯಲ್ಲೂ ಗಾಳಿ. ನರ್ಸ್ ಬಾಯಿ ಬಂದು ಗಟ್ಟಿಯಾಗಿ, "ಗಾಳಿ ಬಿಡ್ರೆಪಾ, ಯಾರೂ ನಾಚ್ಕೋಬ್ಯಾಡ್ರಿ, ಇಲ್ಲಿ ಅದಾ ಕೆಲಸ" ಎಂದರು. ಮೊದಲು ಒಂದು ಮೂಲೆಯಿಂದ, ಆಮೇಲೆ ಇನ್ನೊಂದು ಮೂಲೆಯಿಂದ ಉತ್ತರ ಬಂತು. ನಕ್ಕು ನಕ್ಕು ಹೊಟ್ಟೆನೋವು ಇನ್ನೂ ಬೇಗ ಇಳಿಯಿತು. ಅಂಥ ಒಬ್ಬ ನರ್ಸಿನ ಮೇಲೆ ಇಡೀ ವಿಭಾಗ ನಿಂತಿದೆ, ಅವರಿಗೆ ರಜೆ ಇದ್ದ ದಿನ ಬಂದ ರೋಗಿಗಳ ಪಾಡೇನು?

ಮಂಪರಿನ ಔಷಧದ ಒಂದು ಗುಣ ನನಗೆ ತಡವಾಗಿ ತಿಳಿಯಿತು. ಅದು ನಿದ್ದೆ ತರುವುದರ ಜೊತೆಗೆ ನೆನಪನ್ನೂ ಅಳಿಸುತ್ತದೆ. ತಪಾಸಣೆ ಮುಗಿದ ಕೂಡಲೇ ವೈದ್ಯರು ನನ್ನ ಪಕ್ಕ ನಿಂತು ಕಂಡದ್ದನ್ನೆಲ್ಲ ವಿವರಿಸಿದರಂತೆ, ನಾನು ಗೋಣು ಹಾಕಿ "ಹೌದ್ರಿ, ಹೌದ್ರಿ" ಎಂದೆನಂತೆ. ನನ್ನ ಹೆಂಡತಿ ಹೇಳಿದ್ದರಿಂದ ಗೊತ್ತು. ನನಗೆ ಒಂದು ಅಕ್ಷರವೂ ನೆನಪಿಲ್ಲ. ಅವಳು ಬಾಗಿಲಾಚೆ ಇದ್ದಳು, ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಆದ್ದರಿಂದ ಫಲಿತಾಂಶವನ್ನು ಜೊತೆಗೆ ಬಂದವರ ಮುಂದೆ ಹೇಳಬೇಕು, ನಾಲ್ಕು ಸಾಲು ಬರೆದೂ ಕೊಡಬೇಕು. ಜೊತೆಗೆ ಯಾರೂ ಇಲ್ಲದೆ ಬಂದವರನ್ನು ಸಂಜೆ ಹೊಸ ಬಸ್ ಸ್ಟ್ಯಾಂಡಿಗೆ ಒಬ್ಬರನ್ನೇ ಬಿಡಬಾರದು. ಮರುದಿನದವರೆಗೆ ಗಾಡಿ ಓಡಿಸುವಂತಿಲ್ಲ, ಕಾಗದಕ್ಕೆ ಸಹಿ ಹಾಕುವಂತಿಲ್ಲ ಎಂಬುದನ್ನು ನಮ್ಮ ಬೈಕಿನ ಹುಡುಗರಿಗೆ ಒತ್ತಿ ಹೇಳಬೇಕು.

ಸಹಿಯ ಮಾತು ಬಂತು. ಒಪ್ಪಿಗೆ ಪತ್ರಕ್ಕೆ ನನ್ನಿಂದ ಸಹಿ ಮಾಡಿಸಿಕೊಂಡದ್ದು ಎರಡು ಲೀಟರ್ ಕುಡಿದು, ಚಡ್ಡಿ ಹಾಕಿಕೊಂಡು, ಗಾಡಿಯ ಮೇಲೆ ಮಲಗಿದ ನಂತರ. ಕಾಗದ ಇಂಗ್ಲಿಷಿನದು, ಬೆರಳು ತೋರಿಸಿದ ಜಾಗದಲ್ಲಿ ಗೀಚಿದೆ. ಪಕ್ಕದ ಗಾಡಿಯವರದು ಹೆಬ್ಬೆಟ್ಟು. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರ ಜನವರಿ 16ರಂದು ಸುಪ್ರೀಂ ಕೋರ್ಟು ಏನು ಹೇಳಿತೆಂದು ನಿಮಗೆ ಗೊತ್ತಿದೆ. ಆ ಮಹಿಳೆ ಹೊಟ್ಟೆಯೊಳಗೆ ಕೊಳವೆ ಹಾಕಿ ನೋಡುವ ತಪಾಸಣೆಗೆ ಒಪ್ಪಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟಿದ್ದರು. ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗದು, ಏಕೆ ಮಾಡುತ್ತಾರೆ, ಏನು ಅಪಾಯ, ಬೇರೆ ದಾರಿ ಏನಿದೆ ಎಂದು ಸಾಕಷ್ಟು ತಿಳಿಸಿದ ಮೇಲಿನ ಒಪ್ಪಿಗೆಯೇ ಒಪ್ಪಿಗೆ ಎಂದಿತು ಕೋರ್ಟು. ರಾಣೆಬೆನ್ನೂರಿನ ಕಡೆ, ಹೊಟ್ಟೆನೋವೆಂದು ಹೋಗಿ ಗರ್ಭಕೋಶ ಕಳೆದುಕೊಂಡೆವು ಎಂದು ತಾಂಡಾಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ್ದನ್ನು ಹಾವೇರಿಯ ಅಧಿಕಾರಿಗಳಿಗೆ ನಾನು ನೆನಪಿಸಬೇಕಿಲ್ಲ. ಕೊಲೊನೋಸ್ಕೋಪಿಯಲ್ಲಿ ಕರುಳಿಗೆ ತೂತು ಬೀಳುವ ಅಪಾಯ ಬಹಳ ಕಡಿಮೆ, ಆದರೆ ಇದೆ. ಗುಳ್ಳೆ ಕಂಡರೆ ಅಲ್ಲೇ ತೆಗೆಯುತ್ತಾರೆ ಎಂಬುದೂ ಇದೆ. ಇದನ್ನು ದಿನಾಂಕ ಕೊಡುವ ದಿನವೇ ಹೇಳಿ, ಒಪ್ಪಿಗೆ ಪತ್ರವನ್ನು ಮನೆಗೆ ಕೊಟ್ಟು ಕಳಿಸಿದರೆ ಮಗಳೋ ಮೊಮ್ಮಗನೋ ಓದಿ ಹೇಳುತ್ತಾರೆ.

ಕೊನೆಯದು ವರದಿ. ಚಿವುಟಿದ ಚೂರಿನ ಪರೀಕ್ಷೆಗಳಲ್ಲಿ ಕೆಲವು ಬೇಗ ಬರುತ್ತವೆ, ಕ್ಷಯದ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಬರಲು ತಿಂಗಳು ಮೀರಬಹುದು. ಯಾವುದು ಯಾವಾಗ, ಯಾರನ್ನು ಕೇಳಬೇಕು ಎಂದು ಬರೆದುಕೊಟ್ಟವರಿಲ್ಲ. ಒಂದು ವರದಿ ಬಂದದ್ದನ್ನೇ ಎಲ್ಲ ಬಂತೆಂದು ತಿಳಿದು ಊರಿಗೆ ಹೋಗಿ ಮತ್ತೆ ಬರದವರ ಕಥೆಯನ್ನು ಅಲ್ಲೇ ಕೇಳಿದೆ. ನನ್ನದು ಕರುಳಿನ ಕ್ಷಯ ಎಂದು ಸಿದ್ಧವಾಯಿತು. ಆರು ತಿಂಗಳ ಗುಳಿಗೆ ಸರಕಾರದಿಂದ ಪುಕ್ಕಟೆ ಬಂತು, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿಯೂ ಬಂತು, ಆಶಾ ಕಾರ್ಯಕರ್ತೆ ಮನೆಗೇ ಬಂದು ವಿಚಾರಿಸಿದರು. ರೋಗ ಇಂಥದೆಂದು ಗೊತ್ತಾದ ಮೇಲೆ ಸರಕಾರದ ಕೈ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ಗೊತ್ತಾಗುವವರೆಗಿನ ದಾರಿಯಲ್ಲಿ ಆ ಕೈ ಇಲ್ಲ.

ಚೀಟಿಯನ್ನು ಯಾರು ಬರೆಯಬೇಕು ಎಂಬ ಪ್ರಶ್ನೆ ಬರುತ್ತದೆ. ಬೆಂಗಳೂರಿನ ಅನುವಾದದವರಿಗೆ ಕೊಟ್ಟರೆ "ಅಲ್ಪ ಶೇಷ ಆಹಾರ ಸೇವನೆ ಅಪೇಕ್ಷಣೀಯ" ಎಂದು ಬರುತ್ತದೆ, ಅದನ್ನು ಅಚ್ಚು ಹಾಕುವ ನನಗೇ ತಿಳಿಯದು. ಹುಬ್ಬಳ್ಳಿಯ ವೈದ್ಯರು ಇಬ್ಬರು, ಎಂಡೋಸ್ಕೋಪಿ ವಿಭಾಗದ ನರ್ಸ್ ಒಬ್ಬರು, ತಪಾಸಣೆ ಮಾಡಿಸಿಕೊಂಡವರು ನಾಲ್ಕು ಮಂದಿ ಒಂದು ಮಧ್ಯಾಹ್ನ ಕೂತರೆ ಆಗುತ್ತದೆ. ಭಾಷೆ ನೋಡಲು ಧಾರವಾಡದಲ್ಲಿ 1890ರಿಂದ ವಿದ್ಯಾವರ್ಧಕ ಸಂಘವಿದೆ. ಮಾದರಿಗೆಂದು ನಾನೇ ಒಂದು ಕರಡು ಮಾಡಿದ್ದೇನೆ. ಅದರ ಒಂದು ತುಣುಕು:

"ತಪಾಸಣಿಗೆ ಮೂರು ದಿನ ಮೊದಲಿಂದ: ರೊಟ್ಟಿ ಬ್ಯಾಡ. ಸೊಪ್ಪಿನ ಪಲ್ಯ ಬ್ಯಾಡ. ಕಾಳು, ಶೇಂಗಾ, ಎಳ್ಳು, ಗುರೆಳ್ಳು, ಅಗಸಿ, ಹಿಂಡಿ ಯಾವುದೂ ಬ್ಯಾಡ. ಬೀಜ ಇರೋ ಹಣ್ಣು, ಪೇರಲ, ಬದನಿಕಾಯಿ ಬ್ಯಾಡ. ಬಿಳಿ ಅನ್ನ, ಮೊಸರು, ಇಡ್ಲಿ, ರವಾ ಗಂಜಿ, ತಿಳಿಸಾರು ಉಣ್ರಿ. ಔಷಧ ಪೂರಾ ಕುಡೀರಿ. ಕಡೀಕ ಬರೋದು ತಿಳಿಯಾದ ಹಳದಿ ನೀರಾದ್ರ ಕರುಳು ತೊಳದೈತಿ ಅಂತ ತಿಳೀರಿ. ಇನ್ನೂ ರಾಡಿ ಬರ್ತಿದ್ರ ಮುಚ್ಚಿಡಬ್ಯಾಡ್ರಿ, ಬಂದ ಕೂಡ್ಲೆ ನರ್ಸಿಗೆ ಹೇಳ್ರಿ. ತಪಾಸಣಿ ಆದ ಮ್ಯಾಲೆ ಹೊಟ್ಟಿ ಗಟ್ಟಿಯಾಗಿ ಜೋರ ನೋವು ಬಂದ್ರ, ಜ್ವರ ಬಂದ್ರ, ಬಹಳ ರಕ್ತ ಹೋದ್ರ ಬೆಳಗಾಗೋ ತನಕ ಕಾಯಬ್ಯಾಡ್ರಿ, 108ಕ್ಕ ಫೋನ್ ಮಾಡ್ರಿ."

ಓದಲು ಬಾರದವರಿಗೆ ಇದನ್ನೇ ಒಬ್ಬರು ಓದಿ, ಫೋನಿಗೆ ಕಳಿಸುವ ಎರಡು ನಿಮಿಷದ ಧ್ವನಿಯಾಗಿಯೂ ಮಾಡಬಹುದು.

ಪೂರ್ತಿ ಕರಡನ್ನು ಈ ಪತ್ರದ ಜೊತೆ ಮೂರೂ ಜಿಲ್ಲೆಯ ನಿಮ್ಮ ಕಚೇರಿಗಳಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಒಂದು ಹಾಳೆ, ಎರಡೂ ಬದಿ, ಹದಿನಾಲ್ಕು ಪಾಯಿಂಟಿನ ಅಕ್ಷರ, ಮಾರ್ಜಿನ್ ಬಿಟ್ಟಿದ್ದೇನೆ. ವೈದ್ಯಕೀಯ ವಿಷಯದಲ್ಲಿ ನನ್ನ ಮಾತು ಕೊನೆಯದಲ್ಲ, ತಜ್ಞರು ಕೆಂಪು ಪೆನ್ನು ಹಿಡಿದು ಎಷ್ಟು ಬೇಕಾದರೂ ತಿದ್ದಲಿ. ತಿದ್ದಿದ ಪ್ರತಿಗೆ ನಿಮ್ಮ ಸಹಿ, ಸಿಕ್ಕಾ ಬಿದ್ದು ಬಂದರೆ ಮೊದಲ ಮುದ್ರಣದ ಕಾಗದ, ಮಸಿ, ಕೂಲಿ ನನ್ನದು. ತುಳಸಿ ಲಗ್ನ ಮುಗಿದರೆ ಮದುವೆಯ ಸೀಸನ್ ಶುರುವಾಗುತ್ತದೆ, ಮಷೀನು ಖಾಲಿ ಇರುವುದಿಲ್ಲ. ಅದಕ್ಕೂ ಮೊದಲೇ ಕಳಿಸಿಕೊಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ಬೆಟಗೇರಿಯ ಒಬ್ಬ ಮುದ್ರಕ